ಬೋರಲು ಹಾಕಿದ ಚೀಟಿ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಎರಡು ಪತ್ರ ಬರೆದರೂ ಉತ್ತರ ಕೊಡದ ತಂಗಿಯನ್ನು ಮೊದಲು ಬೈದು ಮುಗಿಸು, ಆಮೇಲೆ ಮುಂದೆ ಓದು. ಶಾಲೆ ಮುಗಿದ ಮೇಲೆ ನಿನ್ನ ಮಗಳು ನಿನ್ನ ಜೊತೆ ಇರಬೇಕೋ, ಈ ಆರು ವರ್ಷ ಇದ್ದಂತೆ ನನ್ನ ಜೊತೆಗೇ ಇರಬೇಕೋ ಎಂದು ನೀನು ಕೇಳಿದ್ದೆ. ಅವಳನ್ನೇ ಕೇಳಿ ಬರೆಯೋಣವೆಂದು ತಡವಾಯಿತು.

ಮೇಲಿನ ಕಚೇರಿಯಿಂದ ನಮ್ಮ ವಿಶೇಷ ಪ್ರೌಢಶಾಲೆಗೆ ಯುವಜನ ತರಬೇತಿಯ ಪುಸ್ತಕ ಬಂತು. ಬೇರೆ ಶಾಲೆಗಳಿಗೆಂದು ಬರೆದದ್ದು. ಮೊದಲ ಪಾಠವೇ "ನಿಮ್ಮ ಗುರಿಯ ಬಗ್ಗೆ ಐದು ನಿಮಿಷ ಭಾಷಣ ಮಾಡಿ". ನನ್ನ ಹನ್ನೊಂದು ಮಕ್ಕಳಲ್ಲಿ ನಾಲ್ವರಿಗೆ ಮಾತೇ ಬರುವುದಿಲ್ಲ! ಅವರಲ್ಲೊಬ್ಬಳಾದ ನಿನ್ನ ಮಗಳು, ನಮ್ಮ ಮೌನಗೌರಿಯಂತೂ ನಿನಗೆ ಗೊತ್ತೇ ಇದೆ. ಭಾಷಣ ತೆಗೆದುಹಾಕಿ ಚಿತ್ರದ ಚೀಟಿ ಮಾಡಿದೆ: ಹೊಲಿಗೆ, ಸಸಿತೋಟ, ಅಡುಗೆಮನೆ. ಬೇಕಾದ್ದನ್ನು ಎತ್ತಿ ತೋರಿಸಿದರಾಯಿತು. ಬಲು ಜಾಣೆ ನಾನು ಎಂದು ಬೀಗಿದೆ.

ಹೊಲಿಗೆ ಮೇಷ್ಟ್ರು ನೋಡಿ ನಕ್ಕರು. "ಎಲ್ಲಾ ಸರಿ ಟೀಚರೇ, ಬೇಡ ಅನ್ನೋಕೆ ಚೀಟಿ ಎಲ್ಲಿದೆ?"

ನಾಚಿಕೆಯಾಯಿತಕ್ಕ. ಹದಿನಾಲ್ಕು ವರ್ಷ ಪಾಠ ಮಾಡಿದ್ದೇನೆ, ಈ ಮಕ್ಕಳು ಬೇಡ ಎಂದಾರು ಎಂಬುದು ಹೊಳೆದೇ ಇರಲಿಲ್ಲ. ಕೂರು ಎಂದರೆ ಕೂರುವುದು, ತಿನ್ನು ಎಂದರೆ ತಿನ್ನುವುದು, ಅದನ್ನೇ ಅಲ್ಲವೇ ನಾವು ಕಲಿಸಿದ್ದು?

ನಾನು ಹೊಸ ಚೀಟಿ ಬರೆಯುವಷ್ಟರಲ್ಲಿ ನಿನ್ನ ಮಗಳೇ ದಾರಿ ತೋರಿಸಿದಳು. ಹೊಲಿಗೆಯ ಚೀಟಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ಅಂಗೈಯಿಂದ ಒತ್ತಿ ಹಿಡಿದಳು. ಮೂರು ವರ್ಷ ಹೊಲಿಗೆ ತರಗತಿಯಲ್ಲಿ ಕೂರಿಸಿದ್ದೆವಲ್ಲ, ಪಾಪ! ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. ಈಗ ಇಡೀ ತರಗತಿಗೆ ಅದೇ ಆಟ. ಹೆಡ್‌ಮಾಸ್ಟರು ಬಂದು, "ಏನಮ್ಮಾ, ಇವರಿಗೆ ಎದುರಾಡೋದು ಕಲಿಸ್ತಿದ್ದೀರಾ?" ಎಂದರು. "ಹೌದು ಸರ್, ಪುಸ್ತಕದಲ್ಲೇ ಇದೆ. ಆರನೇ ಪಾಠ, ಸ್ವಂತ ನಿರ್ಧಾರ" ಎಂದೆ. ಪುಟ ತಿರುವಿ ನೋಡಿಕೊಂಡು ಹೋದರು.

ಪರೀಕ್ಷೆ ಮುಗಿದ ಕೂಡಲೇ ಬಂದು ಅವಳನ್ನು ಕರೆದುಕೊಂಡು ಹೋಗು. ನಿಮ್ಮ ಕಡೆ ಸಸಿತೋಟದಲ್ಲಿ ಕೆಲಸ ಸಿಗುತ್ತದೆಯೇ ವಿಚಾರಿಸು, ಆ ಚೀಟಿಯನ್ನು ಮಾತ್ರ ಅವಳು ಕೈಬಿಡಲಿಲ್ಲ. ಭಾವನಿಗೆ ನನ್ನ ನಮಸ್ಕಾರ. ಮೂವರೂ ತಣ್ಣಗಿರಿ.

ನಿನ್ನ ತಂಗಿ

ತಾ.ಕ.: ಅವಳನ್ನು ಕೇಳಿದ್ದು ಹೇಗೆಂದು ಬರೆಯಲಿಲ್ಲ. ನಿನ್ನ ಮನೆಯ ಫೋಟೊ, ನನ್ನ ಮನೆಯ ಫೋಟೊ ಎರಡನ್ನೂ ಮುಂದಿಟ್ಟೆ. ನನ್ನದನ್ನು ಬೋರಲು ಹಾಕಿದಳು. ಗೊತ್ತಾಗಲಿಲ್ಲವೇನೋ ಎಂದು ಮರುದಿನ ಎಡಬಲ ಬದಲಿಸಿಟ್ಟೆ. ಅದರ ಮರುದಿನ, ನೋಡು ನನ್ನ ಬುದ್ಧಿ, ಬಾಗಿಲಲ್ಲಿ ನಾನೇ ನಗುತ್ತ ನಿಂತಿರುವ ಫೋಟೊ ಇಟ್ಟೆ. ಹೀಗೆ ಒಂಬತ್ತು ದಿನ. ನಿನ್ನೆ ಫೋಟೊಗಳನ್ನು ಹೊರತೆಗೆಯುವ ಮೊದಲೇ ನನ್ನ ಕೈ ಹಿಡಿದುಕೊಂಡು, ಅದನ್ನೇ ಮೇಜಿನ ಮೇಲೆ ಬೋರಲು ಮಾಡಿ ಒತ್ತಿದಳು. ಅವಳು ಮಲಗುವವರೆಗೂ ತಡೆದುಕೊಂಡು ಆಮೇಲೆ ಅತ್ತುಬಿಟ್ಟೆ, ಅಕ್ಕ. ಇವತ್ತು ನಿನಗೆ ಬರೆದೆ.