ಅಳಿಯಂದಿರ ಮೌನವನ್ನು ಒಪ್ಪಿಗೆಯೆಂದು ಬರೆದುಕೊಂಡವರಿಗೆ

ಮಾನ್ಯ ಜಿಲ್ಲಾ ಹೂಡಿಕೆ ಅಧಿಕಾರಿಗಳೇ,

ಊಟದ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ ನಮ್ಮೂರಿನ ಅಳಿಯಂದಿರ ಮೌನವನ್ನು ನೀವು ಒಪ್ಪಿಗೆಯೆಂದು ಬರೆದುಕೊಂಡಿದ್ದೀರಿ. ಆ ಒಂದು ಬರಹದ ಬಲದ ಮೇಲೆ ನಮ್ಮ ತಾಯಂದಿರ ದಾಲ್ಚಿನ್ನಿ ಚಕ್ಕೆಯ ಗುಡ್ಡವನ್ನು ಕಂಡುಕೇಳರಿಯದ ಕಂಪನಿಯೊಂದಕ್ಕೆ ದೀರ್ಘ ಗುತ್ತಿಗೆಗೆ ಕೊಟ್ಟಿದ್ದೀರಿ. ಮಣ್ಣು ಅಗೆಯುವ ಯಂತ್ರ ಈಗಾಗಲೇ ಗುಡ್ಡದ ಬುಡದಲ್ಲಿ ಬಂದು ನಿಂತಿದೆ. ಹಬ್ಬ ಮುಗಿದ ಮೇಲೆ ಅದು ಮೇಲಕ್ಕೆ ಹತ್ತುತ್ತದಂತೆ. ಅದು ಹತ್ತುವ ಮೊದಲು ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ಮುಖಾಮುಖಿ ಕೇಳೋಣವೆಂದು ಎರಡು ಸಲ ನಿಮ್ಮ ಕಚೇರಿಗೆ ಬಂದಿದ್ದೆ. ಸಾಹೇಬರು ಸಭೆಯಲ್ಲಿದ್ದಾರೆ ಎಂದರು. ಸಭೆಯ ಮೇಲೆ ನಿಮಗಿರುವ ಪ್ರೀತಿ ನಮಗೆ ತಿಳಿಯದ್ದಲ್ಲ. ಹಾಗಾಗಿ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಿಮ್ಮ ಕಚೇರಿಯ ಎದುರು ತೂಗುಹಾಕಿದ ಬ್ಯಾನರನ್ನು ಕಾಯುತ್ತ ಕೂತಾಗ ಓದಿದೆ. "ಬೆಟ್ಟದಲ್ಲಿ ಬಾಳಿ, ಬೆಟ್ಟದಲ್ಲಿ ಹೂಡಿ." ಕೆಳಗೆ ನಮ್ಮ ಗುಡ್ಡದ ಚಿತ್ರ, ಇಳಿಜಾರಿನ ತುಂಬ ಕೆಂಪೆಲೆ. ಯುರೋಪಿನ ಶರತ್ಕಾಲದ ಸೊಬಗು ಇನ್ನು ಸುಮಾತ್ರಾದಲ್ಲೇ ಎಂದು ಬರೆಸಿದ್ದೀರಿ. ಸ್ವಾಮಿ, ಅದು ಶರತ್ಕಾಲವಲ್ಲ, ಚಕ್ಕೆ ಮರದ ಎಳೆ ಚಿಗುರು. ಅದು ನಮ್ಮ ಬೆಳೆ. ಬೆಳೆಯ ಅಂದ ತೋರಿಸಿ ಮನೆ ಮಾರುತ್ತೀರಿ, ಆ ಮನೆ ಕಟ್ಟುವುದಕ್ಕೆ ಬೆಳೆಯನ್ನೇ ಕಡಿಯುತ್ತೀರಿ. ಆಮೇಲೆ ಜಕಾರ್ತಾದಿಂದ, ಸಿಂಗಾಪುರದಿಂದ ದುಡ್ಡು ಹಾಕಿ ಬಂದವರು ಕಿಟಕಿ ತೆಗೆದು ಏನನ್ನು ನೋಡಬೇಕು? ಪಕ್ಕದ ಮನೆಯವರ ಈಜುಕೊಳವನ್ನೇ?

ಹೂಡಿಕೆ, ಹೂಡಿಕೆ ಎಂದು ಬಾಯಿ ತುಂಬ ಹೇಳುತ್ತೀರಲ್ಲ, ಈ ಬೆಟ್ಟದಲ್ಲಿ ಹೂಡಿಕೆದಾರರು ಯಾರು? ನನ್ನ ಅಜ್ಜಿ ಗುಡ್ಡದ ನೆತ್ತಿಯಲ್ಲಿ ಸಸಿ ನೆಟ್ಟಾಗ ನನ್ನ ತಾಯಿಗೆ ಇನ್ನೂ ಮದುವೆಯಾಗಿರಲಿಲ್ಲ. ನಮ್ಮಲ್ಲಿ ನೆಲ ತಾಯಿಯಿಂದ ಮಗಳಿಗೆ ಬರುತ್ತದೆ. ಮನೆಗೊಂದು ಹೆಣ್ಣು ಹುಟ್ಟಿದರೆ ಗುಡ್ಡಕ್ಕೊಂದು ಸಾಲು ಸಸಿ ಹೋಗುತ್ತದೆ. ನೆಟ್ಟವಳು ಅದರ ತೊಗಟೆ ಸುಲಿಯುವ ಹೊತ್ತಿಗೆ ಇರುತ್ತಾಳೋ ಇಲ್ಲವೋ, ಆ ಲೆಕ್ಕ ಅವಳಿಗೆ ಬೇಡ. ಆ ತೊಗಟೆಯ ದುಡ್ಡಿನಿಂದ ನಾನು ಪಾದಾಂಗಿನಲ್ಲಿ ಕಾಲೇಜು ಓದಿದೆ. ನನ್ನ ತಂಗಿ ಹೆರಿಗೆಯಲ್ಲಿ ಸಾಯದೆ ಉಳಿದಳು. ಭೂಕಂಪಕ್ಕೆ ಕುಸಿದ ನಮ್ಮ ಅಡುಗೆಮನೆ ಮತ್ತೆ ಎದ್ದು ನಿಂತಿತು. ಮರ ಕಡಿದು ತೊಗಟೆ ಸುಲಿದ ಮೇಲೂ ಬುಡದಿಂದ ಹೊಸ ಚಿಗುರು ಬರುತ್ತದೆ. ನಿಮ್ಮ ಕಡತದಲ್ಲಿ ಇದು ಪಾಳು ಭೂಮಿ. ಇಪ್ಪತ್ತು ವರ್ಷ ತಾಳ್ಮೆಯಿಂದ ಕಾಯುವ ಹೆಂಗಸರದ್ದು ಪಾಳು, ಮೂರು ವರ್ಷದಲ್ಲಿ ಅಸಲು ಬಡ್ಡಿ ಎರಡೂ ಬೇಕೆನ್ನುವವರದ್ದು ಅಭಿವೃದ್ಧಿ. ಈ ನಿಘಂಟನ್ನು ನಿಮಗೆ ಯಾರು ಬರೆದುಕೊಟ್ಟರು?

ಹೊರಗಿನವರು ಬರಲೇಬಾರದು ಎಂದು ಹಟ ಹಿಡಿಯುವವಳು ನಾನಲ್ಲ. ಬಾಂಡುಂಗಿನಿಂದ ಗಂಡಹೆಂಡತಿ ಇಬ್ಬರು ನಮ್ಮೂರಿಗೆ ಬಂದರು. ಜೇನು ಸಾಕಬೇಕು, ಇಲ್ಲೇ ಮನೆ ಮಾಡಿಕೊಂಡು ಇರಬೇಕು ಎಂದರು. ನಮ್ಮ ಮನೆಯ ಚಾಪೆಯ ಮೇಲೆ ಕೂತು ನನ್ನ ತಾಯಿಯನ್ನು ಕೇಳಿದರು. "ಬಾಳೋಕೆ ಬಂದಿದ್ದೀರೋ, ನೋಡ್ಕೊಂಡು ಹೋಗೋಕೆ ಬಂದಿದ್ದೀರೋ?" ಎಂದು ಅಮ್ಮ ಕೇಳಿದಳು. "ಬಾಳೋದಾದ್ರೆ ಊರಿನ ಮದುವೆಗೂ ಬರ್ಬೇಕು, ಸಾವಿಗೂ ಬರ್ಬೇಕು. ಜೇನು ಆಮೇಲೆ." ಅವರು ಬಂದರು. ಇಂದಿಗೂ ಬರುತ್ತಿದ್ದಾರೆ. ಝರಿಯ ಪಕ್ಕದ ಜಾಗದಲ್ಲಿ ಅವರ ಮನೆಯಿದೆ, ನೆಲ ನಮ್ಮದು, ಬಾಳುವೆ ಅವರದು. ಕೇಳಿದ್ದರೆ ನಿಮ್ಮ ಕಂಪನಿಗೂ ಇಂಥದೊಂದು ಮಾತು ಸಿಗುತ್ತಿತ್ತೋ ಏನೋ. ನೀವು ಕೇಳಲೇ ಇಲ್ಲ.

ಕೇಳಿದೆವು ಎನ್ನುತ್ತೀರಿ. ಸರಿ, ಆ ಕೇಳಿದ ಕಥೆಯನ್ನೇ ಹೇಳುತ್ತೇನೆ.

ಮಳೆ ಶುರುವಾಗುವ ಮುಂಚೆ ಒಂದು ದಿನ ಸರ್ಕಾರದವರು ಬರುತ್ತಾರೆ, ಊರಿನ ಹೆಂಗಸರು ಅಡುಗೆ ಮಾಡಬೇಕು ಎಂದು ಹೇಳಿ ಕಳಿಸಿದಿರಿ. ಮಾಡಿದೆವು. ಬೆಳಗಿನಿಂದ ಶಾಲೆಯ ಹಿತ್ತಲಲ್ಲಿ ಒಲೆ ಹೂಡಿ, ಮಾಂಸವನ್ನು ತೆಂಗಿನ ಹಾಲಿನಲ್ಲಿ ಕಪ್ಪಾಗುವ ತನಕ ಕಾಯಿಸಿ, ಬಿದಿರಿನ ಕೊಳವೆಯಲ್ಲಿ ಅಂಟಕ್ಕಿ ಬೇಯಿಸಿ ಬೆವರು ಸುರಿಸಿದೆವು. ಒಳಗೆ, ಶಾಲೆಯ ಹಜಾರದಲ್ಲಿ, ಮನೆಯ ಯಜಮಾನರು ಎಂದು ನೀವು ಕರೆಸಿದ ಗಂಡಸರು, ಎಂದರೆ ನಮ್ಮ ಅಳಿಯಂದಿರು, ಕೂತಿದ್ದರು. ಧ್ವನಿವರ್ಧಕದಲ್ಲಿ ಪ್ರಗತಿ ಎಂಬ ಪದ ಎಷ್ಟು ಸಲ ಬಂತೆಂದರೆ ಕೊನೆಗೆ ನಮ್ಮ ಒಲೆಯ ಚಟಪಟ ಸದ್ದೇ ಹೆಚ್ಚು ಅರ್ಥವತ್ತಾಗಿ ಕೇಳತೊಡಗಿತು. ಊಟವಾದ ಮೇಲೆ ನೀವೇ ಹಿತ್ತಲಿಗೆ ಬಂದಿರಿ. ಬೆರಳು ಒರೆಸಿಕೊಳ್ಳುತ್ತ, "ಅಕ್ಕಂದಿರೇ, ಇಂಥ ಊಟ ಮಾಡಿ ಎಷ್ಟು ಕಾಲ ಆಗಿತ್ತು" ಎಂದಿರಿ. ನನ್ನ ತಾಯಿ ಎದ್ದು ನಿಂತು ನಿಮಗೆ ಕೈ ಮುಗಿದಳು. ಗುಡ್ಡದ ಒಡತಿ ನಿಮ್ಮಿಂದ ಒಂದು ಮಾರು ದೂರದಲ್ಲಿದ್ದಳು. ಮಾಂಸ ಚೆನ್ನಾಗಿತ್ತು ಎಂದು ಹೇಳಲು ಪುರುಸೊತ್ತಿತ್ತು, ಗುಡ್ಡ ಕೊಡುತ್ತೀಯಾ ತಾಯಿ ಎಂದು ಕೇಳಲು ಇರಲಿಲ್ಲವೇ?

ಅದಾದ ಎಷ್ಟೋ ವಾರಗಳ ಮೇಲೆ ಅಳತೆಯವರು ಬಂದು ನಮ್ಮ ಮರಗಳಿಗೆ ಬಣ್ಣದ ಗುರುತು ಹಾಕಿ ಹೋದರು. ನಾನು ಬಸ್ಸು ಹತ್ತಿ ನಿಮ್ಮ ಕಚೇರಿಗೆ ಓಡಿ ಬಂದೆ. ನಿಮ್ಮ ಗುಮಾಸ್ತರು ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟರು.

"ಸಭೇಲಿ ನಿಮ್ಮ ಯಜಮಾನ್ರು ಇದ್ರಲ್ಲಕ್ಕ?"

ಇದ್ದರು ಎಂದೆ.

"ಬೇಡ ಅನ್ನೋರು ಎದ್ದು ಹೇಳಿ ಅಂತ ಸಾಹೇಬ್ರು ಕೇಳಿದ್ರು. ಅವ್ರು ಎದ್ರಾ?"

ಎದ್ದಿರಲಿಕ್ಕಿಲ್ಲ ಎಂದೆ.

"ಮತ್ತಿನ್ನೇನು? ಸರ್ವಾನುಮತ ಅಂತ ಬರ್ದಿದ್ದೀವಿ."

ನನ್ನ ಯಜಮಾನರ ಬಗ್ಗೆ ಹೇಳಬೇಕು. ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅವರಿಗೆ ಸುತಾನ್ ಬಾಗಿಂದೊ ಎಂಬ ಬಿರುದು ಕೊಟ್ಟರು. ಮೂವತ್ತು ವರ್ಷಗಳಿಂದ ನಮ್ಮ ಮನೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದಿಲ್ಲ. ಅವರೂ ಮೂವತ್ತು ವರ್ಷಗಳಿಂದ ನಮ್ಮ ಗದ್ದೆಯ ಬಗ್ಗೆ, ಗುಡ್ಡದ ಬಗ್ಗೆ ಒಂದು ಮಾತಾಡಿಲ್ಲ. ನಮ್ಮ ಹೊಲದಲ್ಲಿ ದುಡಿದಿದ್ದಾರೆ, ತೊಗಟೆ ಹೊತ್ತಿದ್ದಾರೆ, ಬೆಲೆ ಕೇಳಿಲ್ಲ. ತಮ್ಮ ತಾಯಿಯ ಊರಿಗೆ ಹೋದರೆ ಅವರು ಹುಲಿ. ಅಕ್ಕನ ಗದ್ದೆಯ ಬದುವಿನ ಜಗಳದಲ್ಲಿ ಅವರ ಗಂಟಲು ಆಚೆ ಕಣಿವೆಗೂ ಕೇಳುತ್ತದೆ. ಇಲ್ಲಿ ಅವರು ಗೌರವದ ಅತಿಥಿ. ಹೆಂಡತಿಯ ಮನೆತನದ ನೆಲದ ಮಾತು ಬಂದರೆ ಅಳಿಯನಾದವನು ತಟ್ಟೆ ನೋಡಬೇಕು. ಹೂಂ ಅನ್ನುವ ಹಕ್ಕೂ ಇಲ್ಲ, ಊಹೂಂ ಅನ್ನುವ ಹಕ್ಕೂ ಇಲ್ಲ.

ಕಚೇರಿಯಿಂದ ಬಂದು ನಾನು ಅವರ ಮೇಲೆ ಹರಿಹಾಯ್ದೆ. ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಏನಂತ ಹೇಳ್ಲಿ?" ಎಂದರು. "ಗುಡ್ಡದ ಮಾತು ತೆಗೆದ್ರು. ನಮ್ಮನ್ನ ಕೂರಿಸ್ಕೊಂಡು ಇದನ್ನ ಯಾಕೆ ಹೇಳ್ತಿದ್ದಾರೆ, ನಾಚಿಕೆ ಆಗಲ್ವಾ ಅನ್ನಿಸ್ತು. ಇನ್ನು ಮನೆಯವ್ರನ್ನ ಕೇಳೋಕೆ ಬರ್ತಾರಲ್ಲ, ಬರ್ಲಿ ಅಂದ್ಕೊಂಡೆ."

ಅಂದಿನಿಂದ ಅವರು ಚಹದಂಗಡಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಯಾಕೆ ಗೊತ್ತೇ? ಹಾಲು ತರಲು ಹೋದವರನ್ನು ಅಲ್ಲಿ ಕೂತಿದ್ದ ಒಬ್ಬ ತಡೆದು ನಿಲ್ಲಿಸಿ, "ಸುತಾನ್, ನನ್ನ ಹೆಂಡ್ತಿ ಮನೆಯವ್ರಿಗೂ ಒಂದು ಗುಡ್ಡ ಇದೆ. ನೀವು ಬಂದು ಒಂದು ಗಳಿಗೆ ಸುಮ್ನೆ ಕೂತ್ಕೊಂಡು ಹೋದ್ರೆ ಒಳ್ಳೆ ರೇಟಿಗೆ ಹೋಗುತ್ತೆ" ಎಂದನಂತೆ. ಅಂಗಡಿಯೆಲ್ಲ ನಕ್ಕಿತಂತೆ. ಇವರು ಹಾಲಿನ ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದರು.

ಇದೆಲ್ಲ ನಿಮಗೆ ಗೊತ್ತಿರಲಿಲ್ಲ, ಪಾಪ, ಮೇಲಿನಿಂದ ಬಂದ ನಿಯಮ ಪಾಲಿಸಿದಿರಿ ಎಂದು ನಾನೂ ಮೊದಲು ಅಂದುಕೊಂಡೆ. ಜಾವಾದಿಂದಲೋ ಬೋರ್ನಿಯೋದಿಂದಲೋ ವರ್ಗವಾಗಿ ಬಂದ ಅಧಿಕಾರಿಯಾಗಿದ್ದರೆ ಕ್ಷಮಿಸಿಬಿಡುತ್ತಿದ್ದೆ. ಆದರೆ ನೀವು ಈ ಬೆಟ್ಟಗಳ ಮಗ. ನೀವೂ ಯಾರದೋ ಮನೆಯ ಅಳಿಯ. ನಿಮಗೂ ಒಂದು ಬಿರುದಿದೆ. ನಿಮ್ಮ ಅತ್ತೆಯ ಗದ್ದೆ ಮಾರುವ ಮಾತು ಬಂದಾಗ ನೀವು ಎದ್ದು ನಿಂತು ಮಾತಾಡುತ್ತೀರಾ? ಮಾತಾಡಿದರೆ ಆ ಮನೆಯಲ್ಲಿ ನಿಮಗೆ ಮತ್ತೆ ಊಟ ಹಾಕುತ್ತಾರೆಯೇ? ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮುತ್ತೀರಿ.

ಹಾಗಾದರೆ ಇದು ಅಜ್ಞಾನವಲ್ಲ, ಮಾನ್ಯರೇ. ಇದು ಪಾಂಡಿತ್ಯ. ಯಾರು ಬಾಯಿ ತೆರೆಯಲಾರರೋ ಅವರನ್ನೇ ಹುಡುಕಿ ಕೂರಿಸಿದಿರಿ. ಯಾರು ಬೇಡ ಎನ್ನಬಹುದಿತ್ತೋ ಅವರನ್ನು ಒಲೆಯ ಮುಂದೆ ನಿಲ್ಲಿಸಿದಿರಿ. ಮನೆತನದ ಹಿರಿಯರಾದ ನನ್ನ ಸೋದರಮಾವ, ನಾವು ದಾತುಕ್ ಎಂದು ಕರೆಯುವವರು, ತಮ್ಮ ಹೆಂಡತಿಯ ಊರಿನಲ್ಲಿ ಕಣಿವೆಯ ಆಚೆ ಬದಿಯಲ್ಲಿದ್ದಾರೆ. ಅವರಿಗೆ ಕರೆ ಹೋಗಲಿಲ್ಲ. ನಮ್ಮ ಅಣ್ಣತಮ್ಮಂದಿರು ಜಕಾರ್ತಾದಲ್ಲಿ ಹೋಟೆಲು ನಡೆಸುತ್ತಿದ್ದಾರೆ. ಅವರು ಹಬ್ಬಕ್ಕೆ ಬಂದು ಮರಳಿ ಬಸ್ಸು ಹತ್ತಿದ ಮೇಲೆಯೇ ಯಂತ್ರ ಗುಡ್ಡ ಹತ್ತುವ ಮುಹೂರ್ತ. ಹಿಂದೆ ನಮ್ಮನ್ನಾಳಿದ ಹೊರಗಿನ ದೊರೆಗಳು ನಮ್ಮ ಪದ್ಧತಿ ತಿಳಿಯದೆ ತುಳಿದರು. ನೀವು ಚೆನ್ನಾಗಿ ತಿಳಿದು, ಅದರ ಹಿಡಿಕೆ ಹಿಡಿದು, ಅದರಿಂದಲೇ ನಮ್ಮ ಕುತ್ತಿಗೆ ಕೊಯ್ದಿರಿ. ಪದ್ಧತಿ ಹಳೆಯದು, ಹೆಂಗಸರನ್ನು ಕೇಳುವುದು ಅಭಿವೃದ್ಧಿಗೆ ಅಡ್ಡಿ ಎಂದು ಭಾಷಣ ಮಾಡುವವರು ನೀವೇ. ಗಂಡಸರ ಬಾಯಿ ಮುಚ್ಚಿಸುವುದಕ್ಕೆ ಮಾತ್ರ ಅದೇ ಪದ್ಧತಿ ಬೇಕಾಯಿತೇ?

ಕಳೆದ ಶುಕ್ರವಾರ ನಮಾಜು ಮುಗಿದ ಮೇಲೆ ದಾತುಕ್ ನಮ್ಮ ದೊಡ್ಡಮನೆಗೆ ಬಂದರು. ಮನೆತನದವರೆಲ್ಲ ಸೇರಿದ್ದರು. ವಿಷಯ ಗುಡ್ಡದ್ದಲ್ಲ, ನನ್ನ ಗಂಡನದ್ದು. ನನ್ನ ಚಿಕ್ಕಮ್ಮ ನೇರವಾಗಿ ಹೇಳಿದಳು: "ಸುತಾನ್‌ನ ಅವ್ರ ತಾಯಿ ಮನೆಗೆ ಕಳ್ಸಿ. ಇವ್ರ ಮೌನದ ಬೆಲೆ ನಮ್ಮ ಗುಡ್ಡ ಆಯ್ತು." ಯಾರೂ ಅವಳನ್ನು ತಡೆಯಲಿಲ್ಲ. ನಾನು ಕಂಬಕ್ಕೆ ಒರಗಿ ಕೂತಿದ್ದೆ. ಕಾಲೇಜಿನ ದಿನಗಳಲ್ಲಿ ಬೀದಿಯಲ್ಲಿ ಪೊಲೀಸರ ಎದುರು ಗಂಟಲು ಹರಿಯುವಂತೆ ಘೋಷಣೆ ಕೂಗಿದವಳು ನಾನು. ಅಂದು ನನ್ನದೇ ಮನೆಯಲ್ಲಿ ಗಂಡನ ಪರ ಒಂದು ಮಾತಾಡಲಿಲ್ಲ. ನಿಮ್ಮ ಸರ್ವಾನುಮತ ನನ್ನ ಚಾಪೆಯ ತನಕ ಬಂದು ಕೂತಿತ್ತು.

ಬಾಗಿಲ ಬಳಿ ಕೂತಿದ್ದ ನನ್ನ ಗಂಡ ದಾತುಕ್ ಕಡೆ ತಿರುಗಿದರು. ಈ ಮನೆಯಲ್ಲಿ ಒಂದು ಮಾತಾಡಲು ಅಪ್ಪಣೆ ಬೇಕು ಎಂದರು. ಅಂಥ ಅಪ್ಪಣೆಯನ್ನು ಅಳಿಯನೊಬ್ಬ ಕೇಳಿದ್ದನ್ನು ನಾನು ಕಂಡಿರಲಿಲ್ಲ. ದಾತುಕ್, "ಗುಡ್ಡದ ಬಗ್ಗೆ ಆದ್ರೆ ಬೇಡ" ಎಂದರು.

"ಗುಡ್ಡದ ಬಗ್ಗೆ ಅಲ್ಲ ದಾತುಕ್. ಗುಡ್ಡ ನಿಮ್ದು, ಅದರ ಮಾತು ನಂಗೆ ಬೇಡ. ಆದ್ರೆ ಆವತ್ತು ಸುಮ್ನೆ ಕೂತಿದ್ದು ನಾನು. ಆ ಸುಮ್ನಿದ್ದಿದ್ದು ನಂದು. ಅದನ್ನ ನಾನು ಈ ಮನೆಗೆ ಮರ್ಯಾದೆ ಅಂತ ಕೊಟ್ಟಿದ್ದು. ಸರ್ಕಾರಕ್ಕೆ ಕೊಟ್ಟಿದ್ದಲ್ಲ."

ದಾತುಕ್ ತಮ್ಮ ಪಕ್ಕದ ಚಾಪೆಯನ್ನು ತಟ್ಟಿ, ಇಲ್ಲಿ ಬಂದು ಕೂತ್ಕೊಳ್ಳಿ ಸುತಾನ್ ಎಂದರು. ಚಿಕ್ಕಮ್ಮ ಎದ್ದು ಒಳಗೆ ಹೋಗಿ ಎಲ್ಲರಿಗಿಂತ ಮೊದಲು ಅವರಿಗೆ ಚಹ ತಂದಳು.

ಸೋಮವಾರ ಬೆಳಿಗ್ಗೆ ಶಾಲೆಯ ಆ ಸಭೆಯಲ್ಲಿ ಕೂತಿದ್ದ ಅಳಿಯಂದಿರೆಲ್ಲ ತಂತಮ್ಮ ಹೆಂಡತಿಯರ ಮನೆತನದ ಅಪ್ಪಣೆ ಪಡೆದು, ಒಂದೇ ವ್ಯಾನಿನಲ್ಲಿ ಒತ್ತಿಕೊಂಡು ನಿಮ್ಮ ಕಚೇರಿಗೆ ಬಂದರು. ಗುಡ್ಡ ತೆಗೆದುಕೊಳ್ಳಿ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ನಮ್ಮ ಮೌನ ನಮಗೆ ವಾಪಸ್ ಕೊಡಿ ಎಂದರು. ನೀವು ಹಿಂಬಾಗಿಲಿನಿಂದ ಊಟಕ್ಕೆ ಹೋದಿರಿ ಎಂದು ಕಾವಲುಗಾರ ಹೇಳಿದ.

ಆದ್ದರಿಂದ ಈಗ ಕೇಳಿ. ಸರ್ವಾನುಮತ ಎಂಬ ಆ ಸುಳ್ಳನ್ನು ಹಬ್ಬಕ್ಕೆ ಮೊದಲು ಹೊಡೆದುಹಾಕಿ. ಗುತ್ತಿಗೆ ರದ್ದು ಮಾಡಿ. ಯಂತ್ರವನ್ನು ಬಂದ ದಾರಿಯಲ್ಲೇ ಕಳಿಸಿ. ಗುಡ್ಡ ಬೇಕೇಬೇಕು ಎನ್ನುವವರಿದ್ದರೆ ನಮ್ಮ ಮನೆಗೆ ಬರಲಿ, ನನ್ನ ತಾಯಿಯನ್ನು ಕೇಳಲಿ, ನನ್ನನ್ನು ಕೇಳಲಿ, ನನ್ನ ತಂಗಿಯ ಮಗಳನ್ನು ಕೇಳಲಿ. ಮೂವರೂ ಹೂಂ ಎಂದರೆ ದಾತುಕ್ ಆ ಹೂಂ ಅನ್ನು ಊರಿಗೆ ಹೇಳುತ್ತಾರೆ. ನಮ್ಮಲ್ಲಿ ಒಪ್ಪಿಗೆ ಎಂದರೆ ಅದು. ಹಾಗಾಗದೆ ಯಂತ್ರ ಹತ್ತಿದರೆ, ಅದರ ದಾರಿಯಲ್ಲಿ ಮೊದಲು ಸಿಗುವವರು ನನ್ನ ತಾಯಿ ಸನೀಮಾ ಮತ್ತು ಅವಳ ಹಿಂದೆ ನಾವು ಹೆಂಗಸರು. ಅಳಿಯಂದಿರು ನಮ್ಮ ಹಿಂದೆ ನಿಲ್ಲುತ್ತಾರೆ. ಹಾಗೆ ನಿಲ್ಲುವುದಕ್ಕೆ ಅವರಿಗೆ ಯಾರ ಅಪ್ಪಣೆಯೂ ಬೇಕಿಲ್ಲ ಎಂದು ದಾತುಕ್ ಹೇಳಿದ್ದಾರೆ. ಅಷ್ಟು ಜನರನ್ನು ದಾಟಿ ಹೋಗುವ ಆದೇಶಕ್ಕೆ ನಿಮ್ಮ ಕೈಯಿಂದಲೇ ಸಹಿ ಹಾಕಿ. ಬೇರೆಯವರ ಮೌನವನ್ನು ಅದಕ್ಕೂ ಬಳಸಬೇಡಿ.

ಇಂತಿ,
ನಿಮ್ಮ ಕಡತದಲ್ಲಿ ಗೃಹಿಣಿ, ವರಮಾನವಿಲ್ಲ ಎಂದು ನಮೂದಾಗಿರುವ,
ಈ ವರ್ಷವೂ ಗುಡ್ಡದಲ್ಲಿ ಒಂದು ಸಾಲು ನೆಟ್ಟು, ಅದರ ತೊಗಟೆ ಕಾಣುವ ಆಸೆಯಿಲ್ಲದ,
ಯುಸ್ನಿಮಾರ್
ಕೊತೊ ಸಿಲಾಯಾಂಗ್, ಪಶ್ಚಿಮ ಸುಮಾತ್ರಾ