ಮೇಜಿನ ಕೆಳಗಿನ ಕರೆಗಂಟೆ

೧೪ ಜುಲೈ, ಭಾನುವಾರ

ಗುಬ್ಬಿಗೆ ಅಜ್ಜಿಯ ಆಶೀರ್ವಾದಗಳು.

ನಾನು ಈ ಮನೆಯ ಹಿರಿಯಳು. ಮೂವತ್ತೆಂಟು ವರ್ಷಗಳಿಂದ ಮಂಚ, ಬೀರು ಮಾರುವ ನಮ್ಮ ಅಂಗಡಿಯ ಯಜಮಾನಿ. ಹೈಸ್ಕೂಲಿನಾಚೆ ಓದಿಲ್ಲ, ಆದರೆ ಓದಿದವರೇ ನನ್ನೆದುರು ಕೈಕಟ್ಟಿ ನಿಂತಿದ್ದಾರೆ. ನಿನ್ನ ಅಪ್ಪ ಇವತ್ತಿಗೂ ನನ್ನ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂರುವುದಿಲ್ಲ. ಇದು ಜಂಬವಲ್ಲ. ಮುಂದಿನದನ್ನು ಓದುವಾಗ ಬರೆದವಳು ಯಾರೆಂಬುದು ನಿನಗೆ ಮರೆಯದಿರಲಿ ಎಂದು ಬರೆದೆ.

ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು. ಮನೆಗಳಿಗೆ ಲಿಫ್ಟ್ ಮಾರುವ ಕಂಪನಿ ಸೇರಿ ಎಂಟೇ ತಿಂಗಳಲ್ಲಿ ನಿನ್ನ ಮುಂದೆ ಎರಡು ಕೆಲಸ ಇಟ್ಟಿದ್ದಾರೆ. ನಿನ್ನಂತೆ ದಿನವಿಡೀ ಫೋನ್ ಮಾಡುವ ಎಂಟು ಹುಡುಗಿಯರಿಗೆ ಮ್ಯಾನೇಜರ್ ಆಗುವುದು ಒಂದು. ಗಿರಾಕಿಯ ಮನೆಗೇ ಹೋಗಿ, ಬೆಲೆ ಹೇಳಿ, ಸಹಿ ಹಾಕಿಸಿಕೊಂಡು ಬರುವ ಕ್ಲೋಸರ್ ಆಗುವುದು ಇನ್ನೊಂದು. 'ಬೆಲೆ ಹೇಳಿದ ಮೇಲೆ ಅವರು ಸುಮ್ನಾಗ್ತಾರಲ್ಲ ಅಜ್ಜಿ, ಅದನ್ನ ನೆನೆಸ್ಕೊಂಡ್ರೇ ಭಯ ಆಗತ್ತೆ. ಮ್ಯಾನೇಜರ್ ಕುರ್ಚೀನೇ ವಾಸಿ ಅಲ್ವಾ?' ಎಂದು ಕೇಳಿದ್ದೀಯೆ.

ಆ ಸಾಲು ಓದಿ ಪತ್ರವನ್ನು ಮಡಚಿ ದಿಂಬಿನ ಕೆಳಗಿಟ್ಟೆ.

ಅಂಗಡಿಯ ಪದ್ಧತಿ ನಿನಗೆ ಗೊತ್ತು. ಬಂದವರನ್ನು ಕೂರಿಸುವವಳು, ಮರದ ಗುಣ ಹೇಳುವವಳು ನಾನು. ಅವರು 'ಕೊನೇ ರೇಟು ಹೇಳಿ' ಅನ್ನುವ ಹೊತ್ತಿಗೆ ನನ್ನ ನಾದಿನಿ, ನಿನ್ನ ಚಿಕ್ಕಜ್ಜಿ, ಒಳಗಿನಿಂದ ಬಂದು ವ್ಯಾಪಾರ ಮುಗಿಸುತ್ತಿದ್ದಳು. ಅಂಗಡಿಯವರೆಲ್ಲ ನನ್ನನ್ನು ಕರೆಯುವುದೇ ದೊಡ್ಡಮ್ಮ ಎಂದು; ದೊಡ್ಡಮ್ಮ ಚೌಕಾಸಿಗೆ ಇಳಿಯುವವರಲ್ಲ, ಅದು ಅವರ ಗತ್ತು ಎಂದು ಎಲ್ಲರೂ ನಂಬಿದ್ದರು. ಚಿಕ್ಕಜ್ಜಿ ಅಷ್ಟು ಸರಿಯಾದ ಹೊತ್ತಿಗೆ ಹೇಗೆ ಬರುತ್ತಾಳೆ ಎಂದು ಚಿಕ್ಕವಳಿದ್ದಾಗ ನೀನು ಕೇಳಿ ಬೈಸಿಕೊಂಡಿದ್ದೆ. ನನ್ನ ಗಾಜಿನ ಕೋಣೆಯ ಮೇಜಿನ ಕೆಳಗೆ, ಮೊಣಕಾಲಿಗೆ ಸಿಗುವಂತೆ ಒಂದು ಕರೆಗಂಟೆಯ ಗುಂಡಿ ಇತ್ತು, ಗುಬ್ಬಿ. ಗತ್ತಲ್ಲ, ಅದು ಭಯ.

ನಿನ್ನ ಅಜ್ಜ ಅಂಗಡಿ ತೆರೆದ ಮೂರನೇ ತಿಂಗಳು ಒಬ್ಬ ವಕೀಲರಿಗೆ ನಾನು ಮಂಚದ ಬೆಲೆ ಹೇಳಿದೆ. ಅವರು ಮಾತಾಡಲಿಲ್ಲ. ಸುಮ್ಮನೆ ನನ್ನನ್ನೇ ನೋಡಿದರು. ಆ ಮೌನ ತಡೆಯಲಾರದೆ ನಾನೇ 'ಹೋಗ್ಲಿ ಬಿಡಿ' ಎಂದು ಬೆಲೆ ಇಳಿಸಿದೆ, ಮತ್ತೆ ಇಳಿಸಿದೆ. ಅವರು ಬಾಯಿ ಕೂಡ ಬಿಟ್ಟಿರಲಿಲ್ಲ. ಮಾರನೆಯ ದಿನ ನಿನ್ನ ಅಜ್ಜನಿಗೆ, 'ಆಳುಕಾಳು ನಾನು ನೋಡ್ಕೋತೀನಿ, ಮಾರೋದು ನಿಮ್ಮ ತಂಗಿಗಿರಲಿ' ಎಂದೆ. ಎಷ್ಟು ಜವಾಬ್ದಾರಿ ಎಂದು ಅವರು ಹಿಗ್ಗಿದರು. ನಾನು ಓಡಿಹೋದದ್ದು ಯಾರಿಗೂ ಕಾಣಲಿಲ್ಲ, ಏಕೆಂದರೆ ಓಡಿಹೋಗಿ ಕುರ್ಚಿಯ ಮೇಲೆ ಕೂತಿದ್ದೆ.

ಕೂತವಳು ಸುಮ್ಮನಿದ್ದೆನೇ? ಗಿರಾಕಿ ಬರಿಗೈಲಿ ಹೋದರೆ ಮಾರಾಟದವರ ಜನ್ಮ ಜಾಲಾಡುತ್ತಿದ್ದೆ. ಅವರಲ್ಲೊಬ್ಬನನ್ನು, ಆಳು ಎತ್ತರವೆಂದು, ಎಲ್ಲರೂ ಉದ್ದ ಎಂದೇ ಕರೆಯುವುದು. ಅವನೊಮ್ಮೆ, 'ದೊಡ್ಡಮ್ಮ, ಒಂದ್ಸಲ ನೀವೇ ಮಾಡಿ ತೋರಿಸಿ, ನೋಡ್ಕೊಂಡು ಕಲೀತೀನಿ' ಎಂದ. ಕೊಂಕಿಲ್ಲದೆ ಕೇಳಿದ್ದ. 'ಅಧಿಕಪ್ರಸಂಗಿ' ಎಂದು ಬೈದು ಕಳಿಸಿದೆ. ಅಂದಿನಿಂದ ಅವನ ಕಣ್ಣು ತಪ್ಪಿಸಿಯೇ ಓಡಾಡಿದೆ. ಮಾಡಿ ಗೊತ್ತಿಲ್ಲದ ಕೆಲಸಕ್ಕೆ ಯಜಮಾನಿಯಾದವಳು ತನ್ನ ಆಳಿಗೂ ಹೆದರಬೇಕು.

ಕಳೆದ ತಿಂಗಳು ಚಿಕ್ಕಜ್ಜಿ, 'ಮೊಣಕಾಲು ಕೈಕೊಟ್ಟಿದೆ ಅತ್ತಿಗೆ, ಇನ್ನು ನಿಮ್ಮ ಗಂಟೆಗೆ ಓಡಿಬರಕ್ಕಾಗಲ್ಲ' ಎಂದು ಮನೆಯಲ್ಲೇ ಉಳಿದಳು. ಮರುದಿನ ಗಿರಾಕಿ ಬೆಲೆ ಕೇಳಿದಾಗ ರೂಢಿಯಂತೆ ಗುಂಡಿ ಒತ್ತಿದೆ. ಖಾಲಿ ಕೋಣೆಯಲ್ಲಿ ಗಂಟೆ ಬಡಿದುಕೊಂಡಿತು. ಯಾರೂ ಬರಲಿಲ್ಲ. ತಲೆನೋವೆಂದು ಸುಳ್ಳು ಹೇಳಿ ಎದ್ದು ಹೋದೆ. ಮತ್ತೆ ಹದಿನಾರು ದಿನ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ನಿನ್ನೆ ಹೋದೆ. ಉದ್ದನ ಕೈಲೇ ಆ ಗುಂಡಿ, ತಂತಿ ಎಲ್ಲ ಕೀಳಿಸಿದೆ. ನನ್ನ ಕುರ್ಚಿಯನ್ನು ಗಾಜಿನ ಕೋಣೆಯಿಂದ ಹೊರಗೆ, ಬೀರುಗಳ ನಡುವೆ ಹಾಕಿಸಿದೆ. ನಿವೃತ್ತ ಮೇಷ್ಟ್ರೊಬ್ಬರು, ಅವರ ಹೆಂಡತಿ ಬಂದರು. ಬೆಲೆ ಹೇಳಿದೆ. ಇಬ್ಬರೂ ಸುಮ್ಮನಾದರು. ಮೇಷ್ಟ್ರು ಬೀರುವಿನ ಬಾಗಿಲನ್ನು ಗೆಣ್ಣಿನಿಂದ ತಟ್ಟುತ್ತ ನಿಂತರು. ನಾಲಿಗೆ ತುದಿಗೆ ಬಂದ 'ಹೋಗ್ಲಿ ಬಿಡಿ'ಯನ್ನು ಹಲ್ಲು ಕಚ್ಚಿ ತಡೆದೆ. ಕೊನೆಗೆ ಅವರು 'ಬೇಡಮ್ಮ' ಎಂದು ಹೊರಟುಹೋದರು.

ಸೂರು ಕುಸಿಯಲಿಲ್ಲ ಗುಬ್ಬಿ. ದೂರದಿಂದ ನೋಡುತ್ತಿದ್ದ ಉದ್ದ, 'ಟೀ ತರ್ಲಾ ದೊಡ್ಡಮ್ಮ?' ಎಂದ. ಅವನ ಕಣ್ಣನ್ನು ನೋಡಿಯೇ ಹೂಂ ಎಂದೆ. ನಾಳೆಯೂ ಅಲ್ಲೇ ಕೂರುತ್ತೇನೆ.

ಇಂತಿ,
ನಿನ್ನ ಅಜ್ಜಿ

ಮರೆತದ್ದಲ್ಲ, ಬರೆಯಲು ಹೆದರಿದ್ದು: ಆ ಮ್ಯಾನೇಜರ್ ಕುರ್ಚಿ ತಾನಾಗಿ ಬಂದದ್ದಲ್ಲ. ನಿನ್ನ ಕಂಪನಿಯ ಯಜಮಾನರು ನಮ್ಮ ಹಳೇ ಗಿರಾಕಿ. ನಿನ್ನನ್ನು ಕ್ಲೋಸರ್ ಮಾಡುತ್ತಾರಂತೆ ಎಂದು ನಿನ್ನ ಅಪ್ಪ ಹೇಳಿದ ದಿನವೇ ಅವರಿಗೆ ಫೋನ್ ಮಾಡಿ, 'ನಮ್ಮ ಹುಡುಗೀನ ಒಂದು ಕುರ್ಚಿ ಮೇಲೆ ಕೂರಿಸ್ಬಿಡಿ' ಎಂದಿದ್ದೆ. ಕ್ಲೋಸರ್ ಕೆಲಸ ನಿನ್ನ ಸ್ವಂತ ಸಂಪಾದನೆ. ಇವತ್ತು ಬೆಳಿಗ್ಗೆ ಮತ್ತೆ ಫೋನ್ ಮಾಡಿ ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ. 'ಅದೀಗ ನಿಮ್ಮ ಕೈಲಿಲ್ಲ ಅಮ್ಮ, ಅವಳೇ ಹೇಳ್ಬೇಕು' ಎಂದರು. ಇದನ್ನು ಓದಿ ನೀನು ಎಷ್ಟು ದಿನ ಸುಮ್ಮನಿರುತ್ತೀಯೋ ಗೊತ್ತಿಲ್ಲ. ಈ ಸಲ ನಾನು ನಡುವೆ ಬಾಯಿ ಹಾಕುವುದಿಲ್ಲ.