ಇನ್ನೂ ಹುಟ್ಟದ ಅಜ್ಜಿ

ಡೊಂಗ್‌ಗಾಂಗ್ ಬಂದರು, ತೈವಾನ್
ಗಣರಾಜ್ಯ ವರ್ಷ ೧೧೪, ನಾಲ್ಕನೇ ತಿಂಗಳು ೨೪, ಗುರುವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಗಾಳ ಚುಚ್ಚಿದ ಹೆಬ್ಬೆರಳು ವಾಸಿಯಾಯಿತೇ? ಉಪ್ಪುನೀರಲ್ಲಿ ತೊಳೆದರೆ ಸಾಕು ಎಂದು ಫೋನಿನಲ್ಲಿ ಹೇಳಿದೆಯಲ್ಲ, ಸಾಕಾಗುವುದಿಲ್ಲ. ಹಡಗಿನ ಔಷಧಿ ಪೆಟ್ಟಿಗೆ ಅಲಂಕಾರಕ್ಕೆ ಇಟ್ಟಿದ್ದಲ್ಲ. ಈ ಪತ್ರದ ಜೊತೆ ಮುಲಾಮು, ಎರಡು ಜೊತೆ ಕೈಗವಸು, ಅಜ್ಜಿ ಬಿಸಿಲಿಗೆ ಒಣಗಿಸಿದ ಮೂಲಂಗಿ ಕಳಿಸುತ್ತಿದ್ದೇನೆ. ಮೂಲಂಗಿಯನ್ನು ಕ್ಯಾಪ್ಟನ್ನಿಗೆ ಕೊಟ್ಟು ಒಳ್ಳೆಯವನಾಗಬೇಡ, ನೀನು ತಿನ್ನು. ಇಲ್ಲಿ ನಾನು ಚೆನ್ನಾಗಿದ್ದೇನೆ. ಅಜ್ಜಿಯೂ ಚೆನ್ನಾಗಿದ್ದಾಳೆ, ಕಾಲಿನ ಊತ ಪೂರ್ತಿ ಇಳಿದಿದೆ. ಸುಳ್ಳು ಹೇಳುತ್ತಿಲ್ಲ. ನನಗೆ ಸುಳ್ಳು ಹೇಳಲು ಬಂದಿದ್ದರೆ ಮೇಷ್ಟರ ಜೊತೆ ಜಗಳವಾಗದೆ ಶಾಲೆಯಲ್ಲೇ ಉಳಿದಿರುತ್ತಿದ್ದೆ.

ನಾಡಿದ್ದು ಕಾವೋಸ್ಯುಂಗ್‌ನಿಂದ ಸಾಮಾನು ಹಡಗು ಹೊರಡುತ್ತದೆ. ನಿನಗೆ ಮುಟ್ಟಲು ಮೂರು ವಾರ. ಇನ್ನೆರಡು ವರ್ಷದ ಕರಾರಿಗೆ ನೀನು ಸಹಿ ಹಾಕಬೇಕಾಗಿರುವುದು ಮುಂದಿನ ತಿಂಗಳ ಕೊನೆಗೆ. ಆದ್ದರಿಂದ ಕೂತು, ಮೊದಲಿನಿಂದ ಕೊನೆಯವರೆಗೆ ಇದನ್ನು ಓದು. ಒಂಬತ್ತನೇ ತಾರೀಖು ಫೋನ್ ಮಾಡಿದಾಗ ನೀನು "ಇನ್ನೆರಡು ವರ್ಷ ಈ ಮೀನು ಹಡಗಲ್ಲೇ ಇರ್ತೀನಿ ಕಣೇ, ಆ ದುಡ್ಡಲ್ಲಿ ಅಜ್ಜೀನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಬಾಡಿಗೆ ಕಾರು ಗೊತ್ತು ಮಾಡೋಣ, ನೀನು ಆ ಕಂಪ್ಯೂಟರ್ ಆಟ ಬಿಟ್ಟು ಮನೇಲಿರು" ಎಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಹಡಗಿನ ಫೋನಿನ ಮೂರು ನಿಮಿಷ ಮುಗಿದು ಲೈನ್ ಹೋಯಿತು. ಸತ್ತ ಫೋನಿನ ಮೇಲೆ ಕಿರುಚಿದೆ. "ಸಮುದ್ರಕ್ಕೆ ಕೇಳಿಸ್ತು, ಸಾಕು ಬಿಡೇ" ಎಂದಳು ಅಜ್ಜಿ. ಅಂದು ಹೇಳಲಾಗದ್ದನ್ನೆಲ್ಲ ಈಗ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಅದು ಆಟ ಅಲ್ಲ. ಹಗ್ಗ, ಗಾಳ ಮಾರುವ ಅಂಗಡಿಯ ಮಾಳಿಗೆಯ ನಮ್ಮ ಆಫೀಸಿನಲ್ಲಿ ನಾಲ್ಕೇ ಜನ ಇರಬಹುದು, ಮೆಟ್ಟಿಲ ಮೇಲೆ ಡಾಂಬರು ವಾಸನೆ ಇರಬಹುದು, ಆದರೆ ಈ ಊರಿನ ಮುದುಕರು ಆಸ್ಪತ್ರೆಗೆ ಹೋಗಲು ವ್ಯಾನ್ ಕಾದಿರಿಸುತ್ತಾರಲ್ಲ, ಆ ಇಂಟರ್ನೆಟ್ ಪುಟ ಮಾಡಿದ್ದು ನಾವು. ಅಜ್ಜಿ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿಕೊಳ್ಳಲು ಹೋಗುತ್ತಿದ್ದದ್ದೂ ಅದರಿಂದಲೇ. ನಮ್ಮ ಪುಟದಲ್ಲಿ ಗುಂಡಿ ಒತ್ತಿದರೆ ಹೆಸರು, ಹುಟ್ಟಿದ ದಿನ, ಮನೆ ವಿಳಾಸ ಎಲ್ಲ ವ್ಯಾನಿನವರ ಕಂಪ್ಯೂಟರಿಗೆ ಹೋಗುತ್ತದೆ. ಎಲ್ಲಿಗೆ ಹೋಗುತ್ತದೋ ಆ ವಿಳಾಸಕ್ಕೆ ಎಂಡ್‌ಪಾಯಿಂಟ್ ಎನ್ನುತ್ತೇವೆ. ಮೀನು ಹರಾಜಿನ ಕಚೇರಿಯಲ್ಲಿ ಕಿಟಕಿಗಳಿವೆಯಲ್ಲ, ಒಂದರಲ್ಲಿ ಮಂಜುಗಡ್ಡೆ ಚೀಟಿ, ಇನ್ನೊಂದರಲ್ಲಿ ಡೀಸೆಲ್ ಚೀಟಿ, ಹಾಗೆ ಅಂದುಕೋ. ಸರಿಯಾದ ಕಿಟಕಿಗೆ ಹೋಗಬೇಕು, ಆ ಕಿಟಕಿಯವರು ಕೇಳಿದ ಹಾಗೇ ಚೀಟಿ ತುಂಬಬೇಕು. ತಪ್ಪಿದರೆ ನಿಮ್ಮಲ್ಲಿ ಗುಮಾಸ್ತ ಬೈದು ಓಡಿಸುತ್ತಾನೆ. ನಮ್ಮಲ್ಲಿ ಬೈಯುವವರೇ ಇಲ್ಲ. ಕಷ್ಟ ಇರುವುದೇ ಅಲ್ಲಿ.

ಈ ತಿಂಗಳು ಒಂದನೇ ತಾರೀಖು ವ್ಯಾನಿನವರು ಹೊಸ ಕಂಪ್ಯೂಟರಿಗೆ ಹೋದರು. ಕಿಟಕಿಯ ವಿಳಾಸ ಬದಲಾಯಿತು. ನಮ್ಮ ಸೆಟ್ಟಿಂಗ್ ಫೈಲಿನಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಬರೆಯಬೇಕಿತ್ತು, ಬರೆದದ್ದಾಯಿತು. ಗುರುವಾರ ಅಜ್ಜಿ ಚೀಲ ಹಿಡಿದು ಬಾಗಿಲಲ್ಲಿ ನಿಂತಳು, ವ್ಯಾನ್ ಬರಲಿಲ್ಲ. ಮರುದಿನ ಸಮಾಧಿ ಗುಡಿಸುವ ಹಬ್ಬ, ಊರೆಲ್ಲ ಗುಡ್ಡದ ಕಡೆ ಹೊರಟಿತ್ತು, ಹಬ್ಬದ ಗಲಾಟೆಗೆ ವ್ಯಾನ್ ಸಿಕ್ಕಿಲ್ಲ ಎಂದುಕೊಂಡು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ಶನಿವಾರ ನಾನು ಅಜ್ಜನ ಸಮಾಧಿಗೆ ಹೋಗಿದ್ದೆ. ಹುಲ್ಲು ಕಿತ್ತು, ಕಲ್ಲು ತೊಳೆದು, ನಿನ್ನ ಹೆಸರಿನಲ್ಲೂ ಊದುಬತ್ತಿ ಹಚ್ಚಿದೆ. ಅಂದೂ ವ್ಯಾನ್ ಬಂದಿಲ್ಲ. ಈ ಮುದುಕಿ ಒಂದು ಗಂಟೆ ನಿಂತು, ಒಳಗೆ ಬಂದು, ಬಟ್ಟೆ ಬದಲಿಸಿ, ನನಗೆ ಹಬ್ಬದ ರೊಟ್ಟಿ ಸುತ್ತಿಟ್ಟಿದ್ದಾಳೆ! ಬಂದ ಮೇಲೆ "ಹೋಗ್ಬಂದ್ಯಾ?" ಎಂದರೆ "ಹೂಂ" ಎಂದಳು. ಸೋಮವಾರ ಬೆಳಿಗ್ಗೆ ಉಸಿರು ಎಳೆಯಲಾಗದೆ ಮಂಚದ ಅಂಚು ಹಿಡಿದು ಕೂತಿದ್ದಳು. ಕಾಲು ಬಾಳೆದಿಂಡಿನ ಹಾಗೆ ಊದಿತ್ತು. ಆಂಬುಲೆನ್ಸಿನಲ್ಲಿ ಹೋದೆವು. ಯಾಕೆ ಹೇಳಲಿಲ್ಲ ಎಂದು ಬೈದರೆ, ಮೂಗಿಗೆ ಕೊಳವೆ ಹಾಕಿಕೊಂಡೇ "ನಿನ್ನ ಕೆಲ್ಸಕ್ಕೆ ತೊಂದ್ರೆ ಆಗ್ತಿತ್ತಲ್ಲೇ" ಎಂದಳು. ಬೀದಿಯವರು ಯಾರೋ ಹಡಗಿನ ಕಂಪನಿಗೆ ಸುದ್ದಿ ಮುಟ್ಟಿಸಿದರು, ನೀನು ಹೆದರಿ ಫೋನ್ ಮಾಡಿದೆ. ಮುಂದಿನದು ನಿನಗೆ ಗೊತ್ತು.

ನಿನಗೆ ಗೊತ್ತಿಲ್ಲದ್ದು ಕೇಳು. ವ್ಯಾನಿನವರಿಗೆ ದಿನಾ ಫೋನ್ ಮಾಡಿದೆ. "ಆ ಹೆಸರೇ ನಮಗೆ ಬಂದಿಲ್ಲಮ್ಮ" ಎನ್ನುತ್ತಾರೆ. ನಮ್ಮ ಪುಟ ನೋಡಿದರೆ ಅಜ್ಜಿಯ ಹೆಸರಿನ ಮುಂದೆ ಹಸಿರು ಗುರುತು, ಕಾದಿರಿಸಲಾಗಿದೆ. ನಮ್ಮಲ್ಲಿ ಯೂನಿವರ್ಸಿಟಿ ಓದಿದವನು ಶಾವ್-ಚಿಯೆ ಒಬ್ಬನೇ. ಅವನು ಕುರ್ಚಿ ತಿರುಗಿಸದೆಯೇ "ಅವ್ರ ಉತ್ತರದಲ್ಲಿ ಇನ್ನೂರು ಅನ್ನೋ ಅಂಕಿ ಬರ್ತಿದೆ ನೋಡು. ಇನ್ನೂರು ಅಂದ್ರೆ ಅವ್ರಿಗೆ ಮುಟ್ಟಿದೆ ಅಂತ. ನಮ್ ಕಡೆ ಏನೂ ತಪ್ಪಿಲ್ಲ" ಎಂದ. "ನಿನ್ ಇನ್ನೂರನ್ನೇ ಕೇಳು, ನಮ್ಮಜ್ಜೀನ ಹೊತ್ಕೊಂಡು ಹೋಗತ್ತಾ ಅಂತ!" ಎಂದೆ. ನಮ್ಮ ಯಜಮಾನಿ ಕಾಂಗ್ ಅಕ್ಕ ಎದ್ದು ಹೋಗಿ ಕಂಪ್ಯೂಟರ್ ಮೇಲಿಟ್ಟಿದ್ದ ಹಸಿರು ಪೊಟ್ಟಣದ ತಿಂಡಿ ತೆಗೆದು ನೋಡಿದಳು. ಮೆಷಿನ್ ಹಟ ಮಾಡದೆ ಇರಲಿ ಎಂದು ಎಲ್ಲರೂ ಇಡುವ ಹಾಗೆ ನಾವೂ ಇಟ್ಟಿದ್ದೆವು. "ಅಯ್ಯೋ, ತಾರೀಖು ಮುಗ್ದು ಹದಿನೈದು ದಿನ ಆಗಿದೆ, ಅದಕ್ಕೇ!" ಎಂದಳು. ಹೊಸ ಪೊಟ್ಟಣ ಬಂತು. ವ್ಯಾನ್ ಬರಲಿಲ್ಲ.

ಹನ್ನೆರಡನೇ ತಾರೀಖು ಶನಿವಾರ ಅಜ್ಜಿಯನ್ನು ಸ್ಕೂಟರಿಗೆ ಹತ್ತಿಸಿ, ಹಿಂದೆ ಜಾರದಿರಲಿ ಎಂದು ನನ್ನ ಸೊಂಟಕ್ಕೆ ಸೇರಿಸಿ ಬಟ್ಟೆ ಕಟ್ಟುತ್ತಿದ್ದೆ. ಎದುರು ಮನೆಯ ಚುಆಂಗ್ ತಾತನ ಬಾಗಿಲಿಗೆ ವ್ಯಾನ್ ಬಂತು. ನನಗೆ ಹೊಟ್ಟೆ ಉರಿಯಿತು, ತೊಂಬತ್ತೆರಡು ವರ್ಷದ ಅವನಿಗೆ ಬರುವ ವ್ಯಾನ್ ನಮಗೇಕಿಲ್ಲ ಎಂದು. ಡ್ರೈವರ್ ಹುಂಗ್ ಮಾಮ ಇಳಿದು ಫೋನ್ ನೋಡಿಕೊಂಡು "ತಾತ, ಚುಆಂಗ್ ಅನ್ನೋ ಮಗು ಈ ಮನೇದೇನಾ? ಮೂರು ವರ್ಷ ಅಂತ ಬಂದಿದೆ" ಎಂದ. ತಾತ ಕೋಲೂರಿ ನೆಟ್ಟಗೆ ನಿಂತು "ನಾನೇ ಕಣಯ್ಯಾ ಆ ಮಗು. ಎತ್ಕೋ" ಎಂದ. "ತಮಾಷೆ ಬೇಡಿ ತಾತ, ಮಗು ಸೀಟು ಬೇರೆ ಕಟ್ಕೊಂಡು ಬಂದಿದೀನಿ." "ಬರೀ ಸೀಟು ತಂದ್ರೆ ಆಯ್ತಾ? ಹಾಲಿನ ಬಾಟ್ಲಿ ಎಲ್ಲಿ?" ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಜ್ಜಿ ನಕ್ಕಿದ್ದಕ್ಕೆ ನಾನು ಕಟ್ಟಿದ ಗಂಟೇ ಸಡಿಲವಾಯಿತು. ನನಗೆ ಮಾತ್ರ ನಗು ಬರಲಿಲ್ಲ ಅಪ್ಪಾ. ತಾತ ಹುಟ್ಟಿದ್ದು ಗಣರಾಜ್ಯದ ಇಪ್ಪತ್ತೆರಡನೇ ವರ್ಷ, ಅಂದರೆ ಕ್ರಿಸ್ತಶಕ ಸಾವಿರದ ಒಂಬೈನೂರ ಮೂವತ್ತಮೂರು. ಕ್ರಿಸ್ತಶಕ ಎರಡು ಸಾವಿರದ ಇಪ್ಪತ್ತೆರಡರಲ್ಲಿ ಹುಟ್ಟಿದವರಿಗೆ ಈಗ ಮೂರು ವರ್ಷ.

ಅಜ್ಜಿಯನ್ನು ಆಸ್ಪತ್ರೆಯಲ್ಲಿ ಮಲಗಿಸಿ ಆಫೀಸಿಗೆ ಓಡಿದೆ. ವ್ಯಾನಿನವರಿಂದ ನಮಗೆ ಬಂದ ಉತ್ತರಗಳೆಲ್ಲ ಒಂದು ಫೈಲಿನಲ್ಲಿ ಬಿದ್ದಿರುತ್ತವೆ. ಇನ್ನೂರು ಎಂಬ ಅಂಕಿಯನ್ನು ನೋಡಿ ಎಲ್ಲರೂ ಅಲ್ಲಿಗೇ ನಿಲ್ಲಿಸಿದ್ದೆವು. ನಮ್ಮ ಪುಟವೂ ಅಷ್ಟನ್ನೇ ನೋಡಿ ಹಸಿರು ಗುರುತು ಹಾಕುತ್ತಿತ್ತು. ಅದರ ಕೆಳಗೆ ಎರಡು ಸಾಲು ಇದ್ದವು. ಅಜ್ಜಿಯ ಹೆಸರಿನ ಕೆಳಗೆ ಹೀಗಿತ್ತು: ತೆಗೆದುಕೊಂಡ ಕೋರಿಕೆ ಸೊನ್ನೆ, ಈ ವ್ಯಕ್ತಿ ಇನ್ನೂ ಹುಟ್ಟಿಲ್ಲ. ಹಳೆಯ ಕಿಟಕಿ ನಮ್ಮ ಗಣರಾಜ್ಯದ ವರ್ಷ ತೆಗೆದುಕೊಳ್ಳುತ್ತಿತ್ತು, ಹೊಸದು ಕ್ರಿಸ್ತಶಕ ಕೇಳುತ್ತದೆ. ಗುರುತಿನ ಚೀಟಿಯಲ್ಲಿ ಇರುವ ಹಾಗೆಯೇ ನಾವು ಅಜ್ಜಿ ಹುಟ್ಟಿದ ವರ್ಷ ಇಪ್ಪತ್ತೊಂಬತ್ತು ಎಂದು ಕಳಿಸಿದೆವು. ಅದು ಎರಡು ಸಾವಿರದ ಇಪ್ಪತ್ತೊಂಬತ್ತು ಎಂದು ಓದಿಕೊಂಡಿತು. ಹುಟ್ಟಲು ಇನ್ನೂ ನಾಲ್ಕು ವರ್ಷ ಇರುವವಳಿಗೆ ವ್ಯಾನ್ ಯಾಕೆ ಕಳಿಸುತ್ತಾರೆ? ಅಜ್ಜಿಯ ಹಾಗೆ ಇನ್ನೂ ಹುಟ್ಟದವರು ನಲವತ್ತೊಂದು ಜನ ಇದ್ದರು.

ಶಾವ್-ಚಿಯೆಗೆ ಉಗಿಯಬೇಕು ಎಂದು ಕುದಿಯುತ್ತ, ವಿಳಾಸ ಬದಲಿಸಿದ್ದು ಯಾರು ಎಂದು ತೆರೆದು ನೋಡಿದೆ. ಯೀ-ಚೆನ್ ಎಂದಿತ್ತು. ನಾನೇ. ಒಂದನೇ ತಾರೀಖು, ಮಧ್ಯಾಹ್ನ, "ಪರೀಕ್ಷೆ ಪಾಸು" ಎಂದು ಬೇರೆ ಬರೆದಿದ್ದೆ. ಯಾರ ಹುಟ್ಟಿದ ದಿನ ಹಾಕಿ ಪರೀಕ್ಷೆ ಮಾಡಿದ್ದೆ ಗೊತ್ತೇ? ನನ್ನದೇ. ನಾನು ಹುಟ್ಟಿದ್ದು ಗಣರಾಜ್ಯದ ತೊಂಬತ್ತಾರರಲ್ಲಿ, ಅಂದರೆ ಎರಡು ಸಾವಿರದ ಏಳರಲ್ಲಿ. ಅಂಕಿ ದೊಡ್ಡದಿದ್ದರೆ ಹಿಂದಿನ ಶತಮಾನ ಎಂದು ಲೆಕ್ಕ ಹಾಕುವ ಹೊಸ ಕಿಟಕಿ ಅದನ್ನು ಸಾವಿರದ ಒಂಬೈನೂರ ತೊಂಬತ್ತಾರು ಎಂದು ಓದಿ, ನನ್ನನ್ನು ಹನ್ನೊಂದು ವರ್ಷ ದೊಡ್ಡವಳನ್ನಾಗಿ ಮಾಡಿ, ಸರಿ ಎಂದುಬಿಟ್ಟಿತ್ತು. ಮುದುಕರಿಗಾಗಿ ಮಾಡಿದ ಪುಟಕ್ಕೆ ಒಬ್ಬ ಮುದುಕಿಯ ದಿನ ಹಾಕಿ ನೋಡಬೇಕು ಎಂದು ನನಗೆ ಹೊಳೆಯಲಿಲ್ಲ. ಅದೂ ಮನೆಯಲ್ಲಿ ಒಬ್ಬಳನ್ನು ಇಟ್ಟುಕೊಂಡು! ಆ ನಲವತ್ತೊಂದು ಹೆಸರನ್ನೂ ಒಂದೊಂದಾಗಿ ಓದುತ್ತ ಕೂತೆ. ಶಾವ್-ಚಿಯೆ ಬಂದು ಪಕ್ಕದಲ್ಲಿ ಕೂತು "ನಾನೂ ನೋಡಿ ಸರಿ ಅಂದಿದ್ದೆ ಕಣೇ. ನಂದು ಎಪ್ಪತ್ತೆಂಟು, ನಾನು ಹಾಕಿ ನೋಡಿದ್ರೂ ಪಾಸೇ ಆಗ್ತಿತ್ತು. ಅಳ್ತಾ ಇದ್ಯಾ?" ಎಂದ. "ಅಳ್ತಿಲ್ಲ, ಡಾಂಬರು ವಾಸನೆ" ಎಂದೆ.

ಸರಿಪಡಿಸಲು ಬೇಕಾಗಿದ್ದು ಒಂದೇ ಸಾಲು: ಕಳಿಸುವ ಮುಂಚೆ ವರ್ಷಕ್ಕೆ ೧೯೧೧ ಕೂಡಿಸು. ಇನ್ನೊಂದು ನಾಲ್ಕು ಸಾಲು, ಉತ್ತರವನ್ನು ಪೂರ್ತಿ ಓದದೆ ಹಸಿರು ಗುರುತು ಹಾಕಬೇಡ ಎಂದು. ಅದನ್ನು ನಾನೇ ಬರೆದೆ. ಈ ಸಲ ಅಜ್ಜಿಯ ದಿನ, ಚುಆಂಗ್ ತಾತನ ದಿನ, ನನ್ನ ದಿನ ಮೂರನ್ನೂ ಹಾಕಿ ನೋಡಿದೆ. ಕಾಂಗ್ ಅಕ್ಕ ಕೆಲಸದಿಂದ ತೆಗೆಯುತ್ತಾಳೆ ಎಂದು ಚೀಲ ತುಂಬಿಕೊಂಡು ನಿಂತಿದ್ದೆ. ಅವಳು ನಲವತ್ತೊಂದು ಹೆಸರಿನ ಪಟ್ಟಿ ಕೈಗಿಟ್ಟು "ಚೀಲ ಕೆಳಗಿಡು. ಎಲ್ರಿಗೂ ನೀನೇ ಫೋನ್ ಮಾಡಿ ತಪ್ಪಾಯ್ತು ಅನ್ನು. ಯಾರಿಗೂ ಎದುರು ಮಾತಾಡ್ಬೇಡ, ಗೊತ್ತಾಯ್ತಾ?" ಎಂದಳು. ಮಾಡಿದೆ. ಬೈದವರ ಬೈಗುಳ ಕೇಳಿಸಿಕೊಂಡೆ. ಐದಾರು ಮನೆಯ ಮಕ್ಕಳು ಕೆಲಸಕ್ಕೆ ರಜೆ ಹಾಕಿ ಕರೆದೊಯ್ದಿದ್ದರು, ಅವರು ಬೈದದ್ದು ಸರಿಯೇ. ಒಬ್ಬ ಅಜ್ಜಿ ಮಾತ್ರ "ಇನ್ನೂ ಹುಟ್ಟೇ ಇಲ್ವಂತಾ ನಾನು? ಹಂಗಾದ್ರೆ ಮದ್ವೆ ಮಾಡ್ಕೊಳೋ ಮುಂಚೆ ಇನ್ನೊಂದ್ಸಲ ಯೋಚ್ನೆ ಮಾಡ್ತೀನಿ ಬಿಡು" ಎಂದಳು. ಯಾರಿಗೂ ಜೀವಕ್ಕೆ ಅಪಾಯ ಆಗಿಲ್ಲ. ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವಳು ನಮ್ಮ ಅಜ್ಜಿಯೇ. ಅವಳಿಗೂ ಎದುರು ಕೂತು ತಪ್ಪಾಯಿತು ಎಂದೆ. "ನಾನು ಹುಟ್ಟಿಲ್ಲ ಅಂದ್ರೆ ನಿಮ್ಮಪ್ಪಾನೂ ಇಲ್ಲ, ನೀನೂ ಇಲ್ಲ. ಇಲ್ದಿರೋಳು ಯಾಕೆ ತಪ್ಪಾಯ್ತು ಅಂತಾಳೆ, ಬಾ, ಊಟ ಮಾಡು" ಎಂದಳು.

ಅಂದಿನಿಂದ ವ್ಯಾನ್ ನಾಲ್ಕಕ್ಕೆ ನಾಲ್ಕು ದಿನವೂ ಬಂದಿದೆ, ಒಂದು ನಿಮಿಷವೂ ತಡವಾಗಿಲ್ಲ. ಹುಂಗ್ ಮಾಮ ಅಜ್ಜಿಯನ್ನು ಕೈ ಹಿಡಿದು ಹತ್ತಿಸುತ್ತಾನೆ. ಕಾಂಗ್ ಅಕ್ಕ ನನ್ನನ್ನು ಖಾಯಂ ಮಾಡಿದ್ದಾಳೆ. ಇನ್ನು ಮೇಲೆ ಹೊರಗಿನ ಕಿಟಕಿಗಳ ವಿಳಾಸವೆಲ್ಲ ನನ್ನ ಜವಾಬ್ದಾರಿ. "ಒಂದ್ಸಲ ಸುಟ್ಕೊಂಡೋಳು ನೋಡ್ಕೊಂಡು ಮುಟ್ತಾಳೆ" ಎಂದಳಂತೆ. ಈಗ ನೀನೇ ಹೇಳು, ಬಾಡಿಗೆ ಕಾರು ಯಾರಿಗೆ? ಯಾಕೆ? ಇದನ್ನು ಕೇಳಲು ಮೂರು ನಿಮಿಷ ಸಾಲುತ್ತಿರಲಿಲ್ಲ.

ಚುಆಂಗ್ ತಾತ ನಿನ್ನನ್ನು ಕೇಳಿದ ಎಂದು ತಿಳಿಸಲು ಹೇಳಿದ್ದಾನೆ. ಅಜ್ಜಿ ನಿನಗೆ ಆಶೀರ್ವಾದ ಹೇಳಿದ್ದಾಳೆ. ಕಡಲಮ್ಮ ನಿನ್ನ ಕೈಬೆರಳು ಹತ್ತನ್ನೂ ಕಾಯಲಿ.

ನಿನ್ನ ಮಗಳು,
ಯೀ-ಚೆನ್

ತಾ.ಕ.: ವ್ಯಾನ್ ಬಂದು ಹಾರನ್ ಹೊಡೆಯುತ್ತಿದೆ, ಪತ್ರವನ್ನು ಹುಂಗ್ ಮಾಮನ ಕೈಯಲ್ಲೇ ಕಂಪನಿ ಕಚೇರಿಗೆ ಕಳಿಸುತ್ತೇನೆ. ಬೇಗ ಬರೆಯುತ್ತೇನೆ. "ನಾನು ಗುಂಡುಕಲ್ಲಿನ ಹಾಗೆ ಇದೀನಿ, ಎಷ್ಟು ವರ್ಷ ಬೇಕಾದ್ರೂ ಇರ್ಲಿ ಅಂತ ಬರಿ" ಎಂದು ಅಜ್ಜಿ ಹೇಳಿದಳು, ಬರೆದಿದ್ದೇನೆ. ಆದರೆ ಆಸ್ಪತ್ರೆಯಿಂದ ಬರುವಾಗ ಪ್ರತಿ ಸಲವೂ ಅವಳು ಹುಂಗ್ ಮಾಮನಿಗೆ ಹೇಳಿ ಬಂದರಿನ ದಾರಿಯಲ್ಲಿ ವ್ಯಾನ್ ತಿರುಗಿಸುತ್ತಾಳಂತೆ. ಇಳಿಯುವುದಿಲ್ಲವಂತೆ, ಕಿಟಕಿ ಇಳಿಸಿ ಯಾವ ದೋಣಿ ಬಂದಿದೆ ಎಂದು ನೋಡಿ, ನಡಿ ಎನ್ನುತ್ತಾಳಂತೆ. ನನಗೆ ಹೇಳಕೂಡದು ಎಂದು ಅವನಿಂದ ಮಾತು ತೆಗೆದುಕೊಂಡಿದ್ದಾಳೆ. ಅವನು ನಿನ್ನೆ ಹೇಳಿಬಿಟ್ಟ. ಸಹಿ ಹಾಕಬೇಡ ಅಪ್ಪಾ. ಬಾ.